ಹೊರಗಿನ ಕೋಡು, ನಮ್ಮ ಹೊಣೆ: ವೆಂಡರ್ ಫೋಲ್ಡರನ್ನು ಪಾಲಿಸುವ ಕ್ರಮ

1894ರಲ್ಲಿ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಕೋಲಾರದ ಚಿನ್ನದ ಗಣಿಗಳಿಗೆ ಹಾಸಿದ ಕವಲು ರೈಲುಮಾರ್ಗವು ಗಣಿಗಳ ಏಳಿಗೆಯ ಕಾಲದಲ್ಲಿ ಯಂತ್ರಸಾಮಗ್ರಿಯನ್ನು ಊರೊಳಕ್ಕೆ ತರಲು ದುಡಿಯಿತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯು ಗಣಿಗಾರಿಕೆಯನ್ನು ನಿಲ್ಲಿಸಿದ ತರುವಾಯ ಅದು ಬಹುಮಟ್ಟಿಗೆ ಜೀವನೋಪಾಯವನ್ನರಸಿ ಬೆಂಗಳೂರಿಗೆ ಹೋಗಿಬರುವ ಜನರ ಮಾರ್ಗವಾಗಿ ಪರಿಣಮಿಸಿದೆ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ ನಿಲ್ದಾಣಗಳಲ್ಲಿ ನಸುಕಿನಲ್ಲಿಯೇ ಹತ್ತಿ, ಬಂಗಾರಪೇಟೆ ಜಂಕ್ಷನ್ನು, ಟೇಕಲ್ಲು, ಮಾಲೂರುಗಳನ್ನು ದಾಟಿ, ವೈಟ್‌ಫೀಲ್ಡಿನಲ್ಲಾಗಲಿ ಕೃಷ್ಣರಾಜಪುರದಲ್ಲಾಗಲಿ ಇಳಿಯುವ ಪ್ರಯಾಣಿಕರಲ್ಲಿ ತಂತ್ರಾಂಶದ ಕೆಲಸದವರೂ ಸೇರಿದ್ದಾರೆ. ಊರಿನಲ್ಲಿಯೇ ಉಳಿದು ಸಣ್ಣಪುಟ್ಟ ಸಂಸ್ಥೆಗಳಿಗೆ ಲೆಕ್ಕಪತ್ರದ ತಂತ್ರಾಂಶವನ್ನು ಬರೆದುಕೊಡುವವರೂ, ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಆ ವಿದ್ಯೆಯನ್ನು ಕಲಿಯುತ್ತಿರುವವರೂ ಇದ್ದಾರೆ. ತಂತ್ರಾಂಶದೊಳಕ್ಕೆ ತಂದುಕೊಂಡ ಪರರ ಕೋಡನ್ನು ಪಾಲಿಸುವ ಕ್ರಮವನ್ನು ಹೇಳುವ ಈ ಲೇಖನವು ಮುಖ್ಯವಾಗಿ ಅವರಿಗಾಗಿ ಬರೆದದ್ದು.

ವಿಷಯವನ್ನು ಸ್ಪಷ್ಟಪಡಿಸಿಕೊಳ್ಳಲು ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಬಂಗಾರಪೇಟೆ ತಾಲ್ಲೂಕಿನ ಒಂದು ಗ್ರಾಮದ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಬ್ಬರು ತರುಣರು ಒಂದು ತಂತ್ರಾಂಶವನ್ನು ಬರೆದುಕೊಟ್ಟಿದ್ದಾರೆಂದು ಇಟ್ಟುಕೊಳ್ಳಿ. ಪ್ರತಿದಿನ ಎರಡು ಹೊತ್ತು ಹಾಲು ಹಾಕಲು ಬರುವವರ ಹಾಲಿನ ಅಳತೆ, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬೇತರ ಘನಾಂಶ) ಇವುಗಳನ್ನು ದಾಖಲಿಸಿ, ದರವನ್ನು ಲೆಕ್ಕಹಾಕಿ, ಕನ್ನಡದಲ್ಲಿ ಚೀಟಿಯನ್ನು ಮುದ್ರಿಸಿಕೊಡುವುದು ಅದರ ಕೆಲಸ. ಆ ಇಬ್ಬರು ಸ್ವತಃ ಬರೆದ ಕೋಡು ಕೆಲವು ಸಾವಿರ ಸಾಲುಗಳಷ್ಟಿದ್ದರೆ, ಅದರ ಬೆನ್ನಿಗಿರುವ ಪರರ ಕೋಡು ಅದರ ಹಲವು ಪಟ್ಟು ಇರುತ್ತದೆ: ದತ್ತಾಂಶವನ್ನು ಉಳಿಸಲು ಒಂದು ಲೈಬ್ರರಿ, ತೂಕದ ಯಂತ್ರದೊಡನೆ ಮಾತಾಡಲು ಒಂದು, ಕಡತಗಳನ್ನು ಸಂಕುಚಿಸಲು ಒಂದು, ಕನ್ನಡದ ಒತ್ತಕ್ಷರಗಳನ್ನು ಯಥಾಸ್ಥಾನದಲ್ಲಿ ಕೂರಿಸಲು ಹಾರ್ಫ್‌ಬಜ್ ಎಂಬ ಇನ್ನೊಂದು, ಅಕ್ಷರಗಳಿಗೆ ನೋಟೊ ಸ್ಯಾನ್ಸ್ ಕನ್ನಡದಂಥ ಫಾಂಟು. ಇವೆಲ್ಲವೂ ಡಿಪೆಂಡೆನ್ಸಿಗಳೇ. ಇವುಗಳಲ್ಲಿ ಯಾವುದೊಂದು ದೊರೆಯದೆ ಹೋದರೂ, ಅಥವಾ ನಿನ್ನೆಯದಕ್ಕಿಂತ ಬೇರೆಯಾಗಿ ದೊರೆತರೂ, ಬೆಳಗಿನ ಸರದಿಯಲ್ಲಿ ನಿಂತ ರೈತನ ಕೈಗೆ ಚೀಟಿ ಸೇರದು, ಅಥವಾ ತಪ್ಪಾದ ಚೀಟಿ ಸೇರೀತು.

ಈ ಪರರ ಕೋಡನ್ನು ಬಿಲ್ಡ್ ಮಾಡುವ ಪ್ರತಿಯೊಂದು ಸಲವೂ ಅಂತರ್ಜಾಲದಿಂದ ಇಳಿಸಿಕೊಳ್ಳದೆ, ಅದರ ಒಂದು ಪ್ರತಿಯನ್ನು ನಮ್ಮ ರೆಪಾಸಿಟರಿಯೊಳಗೇ ತಂದಿಟ್ಟುಕೊಂಡು ಅದರಿಂದಲೇ ತಂತ್ರಾಂಶವನ್ನು ಕಟ್ಟುವ ಪದ್ಧತಿಗೆ ವೆಂಡರಿಂಗ್ ಎನ್ನುತ್ತಾರೆ. ಪದ್ಧತಿ ಹಳೆಯದು, ಉಪಯುಕ್ತವಾದದ್ದು. ಆದರೆ ತಂದಿಟ್ಟ ಕ್ಷಣದಿಂದ ಆ ಕೋಡಿನ ರಕ್ಷಣೆ ನಮ್ಮ ಮೇಲೆ ಬೀಳುತ್ತದೆಂಬ ತಿಳಿವಳಿಕೆಯಿಲ್ಲದೆ ಅದನ್ನು ಕೈಗೊಂಡವರಿಗೆ ಅದು ಅಪಾಯವನ್ನು ತರುತ್ತದೆ.

ಏಕೆ ತಂದಿಟ್ಟುಕೊಳ್ಳಬೇಕು?

2016ರ ಮಾರ್ಚ್ 22ರಂದು ನಡೆದ ಒಂದು ಘಟನೆ ಈ ಪ್ರಶ್ನೆಗೆ ಉತ್ತರವಾಗಿ ನಿಂತಿದೆ. ಜಾವಾಸ್ಕ್ರಿಪ್ಟ್ ಲೋಕದ ಉಗ್ರಾಣವಾದ ಎನ್‌ಪಿಎಂನಲ್ಲಿ ಲೆಫ್ಟ್‌-ಪ್ಯಾಡ್ ಎಂಬ 11 ಸಾಲುಗಳ ಒಂದು ಸಣ್ಣ ಪ್ಯಾಕೇಜಿತ್ತು. ಪಠ್ಯದ ಎಡಕ್ಕೆ ಖಾಲಿ ಜಾಗವನ್ನೋ ಸೊನ್ನೆಗಳನ್ನೋ ತುಂಬಿ ಅದನ್ನು ನಿಯತ ಅಗಲಕ್ಕೆ ತರುವುದಷ್ಟೇ ಅದರ ಕೆಲಸ. ಬೇರೊಂದು ಪ್ಯಾಕೇಜಿನ ಹೆಸರಿನ ವಿಷಯದಲ್ಲಿ ವಿವಾದವುಂಟಾಗಿ, ಅದರ ಕರ್ತೃವು ಮನನೊಂದು ತನ್ನ ಪ್ಯಾಕೇಜುಗಳೆಲ್ಲವನ್ನೂ ಹಿಂತೆಗೆದುಕೊಂಡಾಗ, ಲೆಫ್ಟ್‌-ಪ್ಯಾಡನ್ನು ನೇರವಾಗಿಯೋ ಪರೋಕ್ಷವಾಗಿಯೋ ನಂಬಿಕೊಂಡಿದ್ದ ಬೇಬೆಲ್‌ನಂಥ ಪ್ರಸಿದ್ಧ ಸಾಧನಗಳ ಬಿಲ್ಡುಗಳು ಜಗತ್ತಿನಾದ್ಯಂತ ಒಮ್ಮೆಗೇ ಮುರಿದುಬಿದ್ದುವು. ಕೆಲವೇ ಗಂಟೆಗಳಲ್ಲಿ ಅದನ್ನು ಪುನಃ ಸ್ಥಾಪಿಸಲಾಯಿತು. ಪ್ರಕಟವಾದ ಪ್ಯಾಕೇಜನ್ನು ಮನಬಂದಂತೆ ಹಿಂತೆಗೆಯಲಾಗದಂತೆ ಎನ್‌ಪಿಎಂ ತನ್ನ ನಿಯಮವನ್ನೂ ಬಿಗಿಗೊಳಿಸಿತು. ಆದರೂ ಅಂದು ತಮ್ಮ ರೆಪಾಸಿಟರಿಯಲ್ಲಿಯೇ ಪ್ರತಿಯನ್ನಿಟ್ಟುಕೊಂಡಿದ್ದವರ ಕೆಲಸವು ಕಿಂಚಿತ್ತೂ ನಿಲ್ಲಲಿಲ್ಲವೆಂಬುದು ಗಮನಾರ್ಹ.

ಲಭ್ಯತೆಯೊಂದೇ ಕಾರಣವಲ್ಲ. ಐದು ವರ್ಷಗಳ ಹಿಂದಿನ ಆವೃತ್ತಿಯನ್ನು ಇಂದು ಮತ್ತೆ ಯಥಾವತ್ತಾಗಿ ಕಟ್ಟಬೇಕಾದ ಪ್ರಸಂಗಗಳು, ಹೊರಗಿನ ಜಾಲದ ಸಂಪರ್ಕವನ್ನೇ ನಿಷೇಧಿಸಿರುವ ಕಾರ್ಖಾನೆ ಮತ್ತು ರಕ್ಷಣಾ ಸಂಸ್ಥೆಗಳ ಕಟ್ಟುಪಾಡುಗಳು, ಒಂದೇ ಸರ್ವಸಮ್ಮತ ಪ್ಯಾಕೇಜ್ ವ್ಯವಸ್ಥೆಯಿಲ್ಲದ ಸಿ ಮತ್ತು ಸಿ++ ಭಾಷೆಗಳ ಪರಿಸ್ಥಿತಿ, ಇವೆಲ್ಲವೂ ವೆಂಡರಿಂಗಿನ ಕಡೆಗೆ ನಮ್ಮನ್ನು ಒಯ್ಯುತ್ತವೆ. ಟೇಕಲ್ಲಿಗೂ ಮಾಲೂರಿಗೂ ನಡುವೆ ಮೊಬೈಲಿನ ಸಂಪರ್ಕ ಕಡಿದುಹೋದಾಗಲೂ ಮಡಿಲಿನ ಲ್ಯಾಪ್‌ಟಾಪಿನಲ್ಲಿ ಬಿಲ್ಡು ನಡೆಯುತ್ತಲೇ ಇರುವುದೆಂಬುದು ನಿತ್ಯ ಪ್ರಯಾಣಿಕನಿಗೆ ಅಲ್ಪ ಪ್ರಯೋಜನವೇನೂ ಅಲ್ಲ.

ಎಲ್ಲವನ್ನೂ ತರಬೇಕೆ?

ತರಬೇಕಾಗಿಲ್ಲ. ಗೋ ಅಥವಾ ರಸ್ಟ್ ಭಾಷೆಯ ಮಧ್ಯಮ ಗಾತ್ರದ ಯೋಜನೆಯಲ್ಲಿ ವೆಂಡರ್ ಫೋಲ್ಡರು ನಿಭಾಯಿಸಲಾಗುವಷ್ಟು ಇರುತ್ತದೆ. ಆದರೆ ಜಾವಾಸ್ಕ್ರಿಪ್ಟಿನ ನೋಡ್‌ ಮಾಡ್ಯೂಲ್ಸ್ ಫೋಲ್ಡರು ಹತ್ತಾರು ಸಾವಿರ ಕಡತಗಳಿಗೆ ಬೆಳೆಯುವುದು ಸಾಮಾನ್ಯವಾದುದರಿಂದ, ಅದನ್ನು ಹಾಗೆಯೇ ಕಮಿಟ್ ಮಾಡಿದರೆ ರೆಪಾಸಿಟರಿಯು ಊದಿಕೊಂಡು, ಮನುಷ್ಯನ ಕಣ್ಣಿಗೆ ಪರಿಶೀಲನಯೋಗ್ಯವಾದ ಬದಲಾವಣೆ ಯಾವುದೆಂಬುದೇ ತಿಳಿಯದಾಗುತ್ತದೆ. ಅಂಥಲ್ಲಿ, ಪ್ರತಿ ಪ್ಯಾಕೇಜಿನ ನಿಖರ ಆವೃತ್ತಿಯನ್ನು ದಾಖಲಿಸುವ ಲಾಕ್ ಫೈಲನ್ನು ಕಡ್ಡಾಯವಾಗಿ ಕಮಿಟ್ ಮಾಡಿ, ಸಂಸ್ಥೆಯೊಳಗೆ ಒಂದು ಮಧ್ಯವರ್ತಿ ಉಗ್ರಾಣವನ್ನು ಇಟ್ಟುಕೊಳ್ಳುವುದು ಮೇಲು. ಎನ್‌ಪಿಎಂಗೆ ವರ್ಡಾಚಿಯೊ, ಪೈಥಾನಿಗೆ ಡೆವ್‌ಪಿಐ, ಗೋಗೆ ಅಥೆನ್ಸ್, ಎಲ್ಲಕ್ಕೂ ಸಲ್ಲುವಂತೆ ನೆಕ್ಸಸ್ ಇಂಥ ಉಗ್ರಾಣಗಳನ್ನು ಕಟ್ಟಲು ಬಳಕೆಯಲ್ಲಿವೆ. ಒಮ್ಮೆ ಅದರ ಮೂಲಕ ಹಾದುಬಂದ ಪ್ಯಾಕೇಜಿನ ಪ್ರತಿಯು ಅಲ್ಲಿಯೇ ಉಳಿಯುವುದರಿಂದ, ಮೂಲದಲ್ಲಿ ಅದು ಮಾಯವಾದರೂ ನಮಗೆ ಹಾನಿಯಿಲ್ಲ.

ಗಿಟ್ ಸಬ್‌ಮಾಡ್ಯೂಲಿನ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಅದು ನೋಟಕ್ಕೆ ವೆಂಡರಿಂಗಿನಂತೆ ಕಂಡರೂ, ನಮ್ಮ ರೆಪಾಸಿಟರಿಯಲ್ಲಿ ಉಳಿಯುವುದು ಪರರ ರೆಪಾಸಿಟರಿಯ ವಿಳಾಸವೂ ಒಂದು ಕಮಿಟ್ಟಿನ ಗುರುತೂ ಮಾತ್ರ. ಆ ರೆಪಾಸಿಟರಿಯನ್ನು ಅಳಿಸಿದ ದಿನ ನಮ್ಮ ಬಿಲ್ಡೂ ನಿಲ್ಲುತ್ತದೆ. ಪ್ರತಿಯು ನಿಜವಾಗಿ ನಮ್ಮಲ್ಲಿರಬೇಕಾದರೆ ಗಿಟ್ ಸಬ್‌ಟ್ರೀಯನ್ನಾಗಲಿ, ಆಯಾ ಭಾಷೆಯ ವೆಂಡರ್ ಆಜ್ಞೆಯನ್ನಾಗಲಿ ಬಳಸತಕ್ಕದ್ದು.

ತರುವಾಗಲೇ ಬರೆದಿಡಬೇಕಾದ ವಿವರಗಳು

ವೆಂಡರ್ ಫೋಲ್ಡರುಗಳಲ್ಲಿ ಕಂಡುಬರುವ ಅನರ್ಥಗಳಲ್ಲಿ ಬಹುಪಾಲು ತಂದ ದಿನದ ಅನಾಸ್ಥೆಯಿಂದಲೇ ಹುಟ್ಟುತ್ತವೆ. ಯಾವನೋ ಒಬ್ಬ ಸಹೋದ್ಯೋಗಿಯು ಅವಸರದಲ್ಲಿ ಒಂದು ಜಿಪ್ ಕಡತವನ್ನು ಇಳಿಸಿಕೊಂಡು, ಬಿಚ್ಚಿ, ಫೋಲ್ಡರಿಗೆ ಸುರಿದು, ‘ಲೈಬ್ರರಿ ಸೇರಿಸಿದೆ’ ಎಂದಷ್ಟೇ ಕಮಿಟ್ ಸಂದೇಶವನ್ನು ಬರೆದು ಹೊರಟುಹೋದರೆ, ಮೂರು ವರ್ಷಗಳ ನಂತರ ಅದು ಯಾವ ಆವೃತ್ತಿ, ಎಲ್ಲಿಂದ ಬಂತು, ಅದರಲ್ಲಿ ನಮ್ಮವರು ಏನನ್ನಾದರೂ ತಿದ್ದಿದ್ದಾರೆಯೇ ಎಂಬ ಪ್ರಶ್ನೆಗಳಿಗೆ ಉತ್ತರಿಸಬಲ್ಲವರು ಯಾರೂ ಉಳಿದಿರುವುದಿಲ್ಲ. ಆದುದರಿಂದ ಪ್ರತಿಯೊಂದು ಲೈಬ್ರರಿಗೂ ಈ ಕೆಳಗಿನ ವಿವರಗಳನ್ನು ಒಂದೇ ಪಠ್ಯ ಕಡತದಲ್ಲಿ, ಯಂತ್ರವೂ ಓದಬಲ್ಲ ಕ್ರಮದಲ್ಲಿ ಬರೆದಿಡಬೇಕು:

1. ಲೈಬ್ರರಿಯ ಹೆಸರು ಮತ್ತು ಆವೃತ್ತಿ. ಆವೃತ್ತಿಯ ಸಂಖ್ಯೆಯಷ್ಟೇ ಸಾಲದು, ಕಮಿಟ್ಟಿನ ಪೂರ್ಣ ಗುರುತೂ ಬೇಕು.
2. ಅದನ್ನು ತಂದ ಮೂಲದ ವಿಳಾಸ, ತಂದ ದಿನಾಂಕ, ಮೂಲ ಕಡತದ ಎಸ್‌ಎಚ್‌ಎ-256 ಚೆಕ್‌ಸಮ್.
3. ಪರವಾನಗಿ ಯಾವುದು, ಅದರ ಪಠ್ಯ ಎಲ್ಲಿದೆ.
4. ತರುವಾಗ ಬಿಟ್ಟ ಭಾಗಗಳು ಮತ್ತು ಮಾಡಿದ ತಿದ್ದುಪಡಿಗಳು.
5. ಇದನ್ನು ತಂದದ್ದು ಏತಕ್ಕಾಗಿ, ಇದರ ನಿಗಾ ಯಾರದು.

ಇದಕ್ಕೆ ಮೇಲ್ಪಂಕ್ತಿಯನ್ನು ನೋಡಬಯಸುವವರು ಪೈಥಾನಿನ ಪಿಪ್ ಸಾಧನದ ಮೂಲ ಕೋಡನ್ನು ತೆರೆಯಬಹುದು. ಪ್ಯಾಕೇಜುಗಳನ್ನು ಸ್ಥಾಪಿಸುವ ಸಾಧನವೇ ತನ್ನ ಪ್ಯಾಕೇಜುಗಳಿಗಾಗಿ ಇನ್ನೊಂದನ್ನು ಕಾಯುವಂತಿಲ್ಲವಾದುದರಿಂದ, ಅದು ತನಗೆ ಬೇಕಾದ ಲೈಬ್ರರಿಗಳನ್ನು ‘ವೆಂಡರ್’ ಎಂಬ ಒಳಫೋಲ್ಡರಿನಲ್ಲಿ ಇಟ್ಟುಕೊಂಡಿದೆ. ಯಾವುದರ ಯಾವ ಆವೃತ್ತಿ ಎಂಬುದನ್ನು ಒಂದು ಪಠ್ಯ ಕಡತದಲ್ಲಿ ಸಾಲುಸಾಲಾಗಿ ಬರೆದಿದೆ. ಮಾಡಿಕೊಂಡ ತಿದ್ದುಪಡಿಗಳನ್ನು ಪ್ರತ್ಯೇಕವಾದ ಪ್ಯಾಚ್ ಕಡತಗಳಾಗಿ ಇರಿಸಿದೆ. ಈ ಎರಡರಿಂದ ಇಡೀ ಫೋಲ್ಡರನ್ನು ಯಂತ್ರವೇ ಪುನಃ ರಚಿಸುವಂತೆ ವ್ಯವಸ್ಥೆ ಮಾಡಿದೆ. ಪಟ್ಟಿಯಿಂದ ಫೋಲ್ಡರು ಹುಟ್ಟಬೇಕು, ಫೋಲ್ಡರಿನಿಂದ ಪಟ್ಟಿಯನ್ನು ಊಹಿಸುವಂತಾಗಬಾರದು. ಈ ಲೇಖನದಿಂದ ಒಂದೇ ಸೂತ್ರವನ್ನು ನೆನಪಿಡಬಯಸುವವರು ಇದನ್ನು ನೆನಪಿಡಲಿ.

ಭಾಷೆಗೊಂದು ವಿಧಾನ

ಗೋ ಭಾಷೆಯಲ್ಲಿ ‘ಗೋ ಮಾಡ್ ವೆಂಡರ್’ ಎಂಬ ಆಜ್ಞೆಯು ಬೇಕಾದ ಪ್ಯಾಕೇಜುಗಳನ್ನೆಲ್ಲ ವೆಂಡರ್ ಫೋಲ್ಡರಿಗೆ ತಂದು, ಅವುಗಳ ಪಟ್ಟಿಯನ್ನು ಜೊತೆಯಲ್ಲಿಯೇ ಬರೆಯುತ್ತದೆ. 2020ರಲ್ಲಿ ಬಂದ 1.14ನೆಯ ಆವೃತ್ತಿಯಿಂದೀಚೆಗೆ, ಯೋಜನೆಯು ಆ ಆವೃತ್ತಿಯನ್ನೋ ಅದರ ಮುಂದಿನದನ್ನೋ ಘೋಷಿಸಿದ್ದು ವೆಂಡರ್ ಫೋಲ್ಡರು ಇದ್ದಲ್ಲಿ, ಬಿಲ್ಡು ತಾನಾಗಿ ಅದನ್ನೇ ಬಳಸುತ್ತದೆ. ಪಟ್ಟಿಗೂ ಯೋಜನೆಯ ಮಾಡ್ಯೂಲ್ ಕಡತಕ್ಕೂ ಹೊಂದಾಣಿಕೆ ತಪ್ಪಿದರೆ ನಿಂತುಬಿಡುತ್ತದೆ. ಆದರೆ ಅದು ಹೋಲಿಸುವುದು ಪಟ್ಟಿಯನ್ನು ಮಾತ್ರ. ಫೋಲ್ಡರಿನೊಳಗಿನ ಒಂದು ಸಾಲನ್ನು ಯಾರಾದರೂ ಕೈಯಿಂದ ತಿದ್ದಿದ್ದರೆ ಅದನ್ನು ಹಿಡಿಯದು. ‘ಗೋ ಮಾಡ್ ವೆರಿಫೈ’ ಎಂಬ ಆಜ್ಞೆಯು ಈ ಕೊರತೆಯನ್ನು ನೀಗಿಸುತ್ತದೆಂದು ಹಲವರು ಭಾವಿಸಿದ್ದಾರೆ. ಆದರೆ ಅದು ಪರಿಶೀಲಿಸುವುದು ಯಂತ್ರದಲ್ಲಿರುವ ಮಾಡ್ಯೂಲ್ ಕ್ಯಾಶನ್ನೇ ಹೊರತು ವೆಂಡರ್ ಫೋಲ್ಡರನ್ನಲ್ಲ.

ರಸ್ಟ್ ಭಾಷೆಯ ‘ಕಾರ್ಗೊ ವೆಂಡರ್’ ಈ ವಿಷಯದಲ್ಲಿ ಹೆಚ್ಚು ಬಿಗಿಯಾಗಿದೆ. ಪ್ರತಿಯೊಂದು ಲೈಬ್ರರಿಯ ಜೊತೆಗೂ ಅದು ಕಡತವಾರು ಚೆಕ್‌ಸಮ್ಮುಗಳನ್ನು ಬರೆದಿಡುವುದರಿಂದ, ಕೈತಿದ್ದುಪಡಿಯಾದ ಕಡತವನ್ನು ಕಾರ್ಗೊ ನಿರಾಕರಿಸುತ್ತದೆ. ಬಿಲ್ಡನ್ನೂ ಪರೀಕ್ಷೆಗಳನ್ನೂ ತಾನಾಗಿ ನಡೆಸುವ ಪೈಪ್‌ಲೈನಿನಲ್ಲಿ ‘ಫ್ರೋಜನ್’ ಆಯ್ಕೆಯೊಡನೆ ಬಿಲ್ಡ್ ಮಾಡಿದರೆ ಲಾಕ್ ಫೈಲು ಬದಲಾಗದು, ಕಾರ್ಗೊ ಜಾಲಕ್ಕೂ ಕೈಚಾಚದು.

ಪೈಥಾನಿನಲ್ಲಿ ‘ಪಿಪ್ ಡೌನ್‌ಲೋಡ್’ ಮಾಡಿ ವೀಲ್ ಕಡತಗಳನ್ನು ಒಂದು ಫೋಲ್ಡರಿನಲ್ಲಿಟ್ಟು, ಸ್ಥಾಪಿಸುವಾಗ ‘ನೋ ಇಂಡೆಕ್ಸ್’, ‘ಫೈಂಡ್ ಲಿಂಕ್ಸ್’, ‘ರಿಕ್ವೈರ್ ಹ್ಯಾಶಸ್’ ಎಂಬ ಮೂರು ಆಯ್ಕೆಗಳನ್ನು ಒಟ್ಟಿಗೆ ಕೊಡತಕ್ಕದ್ದು. ಮೊದಲನೆಯದು ಹೊರಗಿನ ಉಗ್ರಾಣವನ್ನು ಮುಚ್ಚುತ್ತದೆ, ಎರಡನೆಯದು ನಮ್ಮ ಫೋಲ್ಡರನ್ನು ತೋರಿಸುತ್ತದೆ, ಮೂರನೆಯದು ಹ್ಯಾಶ್ ಹೊಂದದ ಕಡತವನ್ನು ತಡೆಯುತ್ತದೆ. ನೋಡ್ ಯೋಜನೆಗಳಲ್ಲಿ ಪೈಪ್‌ಲೈನು ‘ಎನ್‌ಪಿಎಂ ಇನ್‌ಸ್ಟಾಲ್’ ಎನ್ನದೆ ‘ಎನ್‌ಪಿಎಂ ಸಿಐ’ ಎನ್ನಬೇಕು. ಲಾಕ್ ಫೈಲಿಗೂ ಪ್ಯಾಕೇಜ್ ಕಡತಕ್ಕೂ ಹೊಂದಿಕೆಯಿಲ್ಲದಿದ್ದರೆ ಅದು ಮೌನವಾಗಿ ಸರಿಪಡಿಸಿಕೊಳ್ಳದೆ ದೋಷವನ್ನು ಎತ್ತಿ ತೋರಿಸುತ್ತದೆ.

ಪೈಪ್‌ಲೈನು ಮಾಡಬೇಕಾದ ಪರೀಕ್ಷೆಗಳು

ಮನುಷ್ಯರು ಮರೆಯುತ್ತಾರೆ, ಕೆಲಸ ಬಿಟ್ಟು ಹೋಗುತ್ತಾರೆ, ಅವಸರಕ್ಕೆ ಸಿಕ್ಕುತ್ತಾರೆ. ಪೈಪ್‌ಲೈನು ಮಾತ್ರ ಹೇಳಿದ್ದನ್ನು ಪ್ರತಿದಿನವೂ ಮಾಡುತ್ತದೆ. ಆದುದರಿಂದ ನಿಯಮಗಳನ್ನು ಕೈಪಿಡಿಯಲ್ಲಿ ಬರೆದಿಟ್ಟು ತೃಪ್ತರಾಗದೆ, ಅವುಗಳನ್ನು ಪೈಪ್‌ಲೈನಿನ ಹಂತಗಳಾಗಿ ಮಾರ್ಪಡಿಸಬೇಕು.

ಮೊದಲನೆಯದು, ಜಾಲವಿಲ್ಲದ ಬಿಲ್ಡು. ಹಿಂದಿನ ಕ್ಯಾಶಿನ ಸೋಂಕಿಲ್ಲದ ಹೊಸ ಕಂಟೇನರಿನಲ್ಲಿ ರೆಪಾಸಿಟರಿಯನ್ನು ತೆರೆದು, ಡಾಕರಿನಲ್ಲಾದರೆ ‘ನೆಟ್‌ವರ್ಕ್ ನನ್’ ಎಂಬ ಆಯ್ಕೆಯಿಂದ ಸಂಪರ್ಕವನ್ನು ಕಡಿದು, ಆಮೇಲೆ ಬಿಲ್ಡ್ ಮಾಡಬೇಕು. ವೆಂಡರ್ ಮಾಡಿದ್ದೇವೆಂದು ನಂಬಿಕೊಂಡಿದ್ದ ಯೋಜನೆಗಳು ಕೋಡ್ ಜನರೇಟರನ್ನೋ ಫಾಂಟನ್ನೋ ಪರೀಕ್ಷೆಯ ದತ್ತಾಂಶವನ್ನೋ ಗುಟ್ಟಾಗಿ ಹೊರಗಿನಿಂದ ತರುತ್ತಿದ್ದುದು ಈ ಪರೀಕ್ಷೆಯಲ್ಲಿ ಬಯಲಾಗುತ್ತದೆ. ನಮ್ಮ ಹಾಲಿನ ಚೀಟಿಯ ತಂತ್ರಾಂಶದಲ್ಲಾದರೆ, ಡೇಟಾಬೇಸ್ ಲೈಬ್ರರಿಯೆಲ್ಲ ಒಳಗಿದ್ದು ಕನ್ನಡದ ಫಾಂಟು ಮಾತ್ರ ಪ್ರತಿ ಬಿಲ್ಡಿನಲ್ಲೂ ಯಾವುದೋ ವಿಳಾಸದಿಂದ ಇಳಿಯುತ್ತಿರುವುದು ಅಸಂಭವವೇನಲ್ಲ; ಆ ವಿಳಾಸವು ಸತ್ತ ದಿನ ಚೀಟಿಯಲ್ಲಿ ಹೆಸರುಗಳ ಬದಲು ಖಾಲಿ ಚೌಕಗಳು ಅಚ್ಚಾಗುತ್ತವೆ.

ಎರಡನೆಯದು, ಪುನರ್ರಚಿಸಿ ಹೋಲಿಸುವುದು. ಇದಕ್ಕೆ ಜಾಲ ಬೇಕಾದುದರಿಂದ ಇದನ್ನು ಬಿಲ್ಡಿನಿಂದ ಬೇರೆಯಾದ ಜಾಬಿನಲ್ಲಿ ಇಡತಕ್ಕದ್ದು. ವೆಂಡರ್ ಫೋಲ್ಡರನ್ನು ಅಳಿಸಿ, ಪಟ್ಟಿಯಿಂದ ಮತ್ತೆ ಕಟ್ಟಿ, ಕಮಿಟ್ ಆಗಿರುವುದಕ್ಕೂ ಹೊಸದಕ್ಕೂ ಒಂದಕ್ಷರದ ವ್ಯತ್ಯಾಸವಿದ್ದರೂ ಜಾಬನ್ನು ವಿಫಲಗೊಳಿಸಬೇಕು. ಇಲ್ಲಿ ‘ಗಿಟ್ ಡಿಫ್’ ಒಂದನ್ನೇ ನೆಚ್ಚಬಾರದು; ಅದು ಬದಲಾದ ಕಡತಗಳನ್ನು ತೋರಿಸುತ್ತದೆಯೇ ವಿನಾ ಹೊಸದಾಗಿ ಹುಟ್ಟಿದ, ಗಿಟ್ ಇನ್ನೂ ಅರಿಯದ ಕಡತಗಳನ್ನು ತೋರಿಸುವುದಿಲ್ಲ. ‘ಗಿಟ್ ಸ್ಟೇಟಸ್’ನ ಫಲಿತಾಂಶವು ಖಾಲಿಯಾಗಿದೆಯೇ ಎಂದು ನೋಡುವುದು ಸರಿಯಾದ ಕ್ರಮ.

ಮೂರನೆಯದು, ದೋಷಗಳ ಶೋಧ. ಒಎಸ್‌ವಿ-ಸ್ಕ್ಯಾನರ್, ಟ್ರಿವಿ, ಗ್ರೈಪ್ ಮುಂತಾದ ಉಚಿತ ಸಾಧನಗಳು ನಮ್ಮ ಪಟ್ಟಿಯನ್ನು ಓದಿ, ಸಾರ್ವಜನಿಕವಾಗಿ ಪ್ರಕಟವಾದ ಭದ್ರತಾ ದೋಷಗಳೊಡನೆ ತಾಳೆನೋಡುತ್ತವೆ. ಇದನ್ನು ಕಮಿಟ್ ಬಂದಾಗ ಮಾತ್ರವಲ್ಲದೆ, ಯಾರೂ ಏನನ್ನೂ ಮುಟ್ಟದ ದಿನಗಳಲ್ಲಿಯೂ, ಪ್ರತಿರಾತ್ರಿ ನಿಗದಿತ ವೇಳೆಗೆ ನಡೆಸಬೇಕು. ಕೋಡು ಬದಲಾಗದಿದ್ದರೂ ಅದರ ಬಗೆಗಿನ ನಮ್ಮ ತಿಳಿವಳಿಕೆ ಪ್ರತಿದಿನ ಬದಲಾಗುತ್ತಿರುತ್ತದೆ. ಸಿ ಭಾಷೆಯ ಕಡತಗಳನ್ನು ಪಟ್ಟಿಯಿಲ್ಲದೆ ಹಾಗೆಯೇ ಸುರಿದಿದ್ದರೆ ಇಂಥ ಸಾಧನಗಳಿಗೆ ಅವು ಪ್ರಾಯಶಃ ಕಾಣುವುದೇ ಇಲ್ಲ. ಮೇಲೆ ಹೇಳಿದ ವಿವರಗಳ ಕಡತದ ಪ್ರಯೋಜನವು ಇಲ್ಲಿ ಪ್ರತ್ಯಕ್ಷವಾಗುತ್ತದೆ.

ಪರೀಕ್ಷೆಗಳು ವಿಫಲವಾದಾಗ ಮೊದಲು ಶಂಕಿಸಬೇಕಾದ ಎರಡು ಸಾಮಾನ್ಯ ಕಾರಣಗಳನ್ನು ಇಲ್ಲಿಯೇ ಹೇಳಿಬಿಡುವುದು ಉಚಿತ. ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ನಡೆಯುವ ಬಿಲ್ಡು ಪೈಪ್‌ಲೈನಿನಲ್ಲಿ ‘ಕಡತವಿಲ್ಲ’ ಎಂದು ಮುರಿಯುತ್ತಿದ್ದರೆ, ನಮ್ಮ ಗಿಟ್‌ಇಗ್ನೋರ್ ಕಡತವನ್ನು ನೋಡಬೇಕು: ‘ಬಿಲ್ಡ್’, ‘ಬಿನ್’ ಎಂಬ ಹೆಸರಿನ ಫೋಲ್ಡರುಗಳನ್ನು ಕಡೆಗಣಿಸೆಂದು ನಮ್ಮ ಯೋಜನೆಗಾಗಿ ಬರೆದ ಸಾಲುಗಳು ವೆಂಡರ್ ಮಾಡಿದ ಲೈಬ್ರರಿಯೊಳಗಿನ ಅದೇ ಹೆಸರಿನ ಫೋಲ್ಡರನ್ನೂ ನುಂಗಿರುತ್ತವೆ; ಹಾಗಾಗಿ ಅದು ನಮ್ಮ ಯಂತ್ರದಲ್ಲಿದ್ದು ರೆಪಾಸಿಟರಿಗೆ ಸೇರಿರುವುದಿಲ್ಲ. ಇನ್ನು ವಿಂಡೋಸ್ ಯಂತ್ರದಿಂದ ಕಮಿಟ್ ಮಾಡಿದಾಗ ಚೆಕ್‌ಸಮ್ಮುಗಳು ತಪ್ಪುತ್ತಿದ್ದರೆ, ಗಿಟ್ಟು ಸಾಲಿನ ಕೊನೆಯ ಗುರುತುಗಳನ್ನು ಬದಲಾಯಿಸುತ್ತಿರಬಹುದು. ಗಿಟ್‌ಆಟ್ರಿಬ್ಯೂಟ್ಸ್ ಕಡತದಲ್ಲಿ ವೆಂಡರ್ ಫೋಲ್ಡರಿಗೆ ಪಠ್ಯ ಪರಿವರ್ತನೆ ಕೂಡದೆಂದು ಒಂದು ಸಾಲು ಬರೆದರೆ ಈ ತೊಂದರೆ ನಿವಾರಣೆಯಾಗುತ್ತದೆ.

ತಿದ್ದುಪಡಿ ಅನಿವಾರ್ಯವಾದಾಗ

ತಂದ ಕೋಡನ್ನು ತಿದ್ದದಿರುವುದೇ ಉತ್ತಮ. ಆದರೂ ದೋಷವೊಂದನ್ನು ಕಂಡು, ಮೂಲದವರಿಗೆ ತಿಳಿಸಿ, ಅವರ ಮುಂದಿನ ಆವೃತ್ತಿಯವರೆಗೆ ಕಾಯಲಾಗದ ಸಂದರ್ಭಗಳು ಒದಗುತ್ತವೆ. ಅಂಥಲ್ಲಿ ವೆಂಡರ್ ಫೋಲ್ಡರಿನ ಕಡತವನ್ನು ನೇರವಾಗಿ ತಿದ್ದದೆ, ತಿದ್ದುಪಡಿಯನ್ನು ಪ್ಯಾಚ್ ಕಡತವಾಗಿ ಬೇರೊಂದು ಫೋಲ್ಡರಿನಲ್ಲಿಟ್ಟು, ಅದರ ತಲೆಯಲ್ಲಿ ಕಾರಣವನ್ನೂ ಮೂಲದವರಿಗೆ ಕಳುಹಿಸಿದ ವರದಿಯ ಸಂಖ್ಯೆಯನ್ನೂ ಬರೆದು, ಪುನರ್ರಚನೆಯ ಸ್ಕ್ರಿಪ್ಟು ಅದನ್ನು ಪ್ರತಿ ಸಲವೂ ಅನ್ವಯಿಸುವಂತೆ ಮಾಡಬೇಕು. ಹೀಗೆ ಮಾಡಿದಲ್ಲಿ, ಹೊಸ ಆವೃತ್ತಿಯನ್ನು ತಂದ ದಿನ ಪ್ಯಾಚು ಹೊಂದದಿದ್ದರೆ ಸ್ಕ್ರಿಪ್ಟು ನಿಂತು ನಮ್ಮನ್ನು ಕರೆಯುತ್ತದೆ. ನೇರವಾಗಿ ತಿದ್ದಿದಲ್ಲಿ, ಹೊಸ ಆವೃತ್ತಿಯು ನಮ್ಮ ತಿದ್ದುಪಡಿಯನ್ನು ಸದ್ದಿಲ್ಲದೆ ಅಳಿಸಿಹಾಕುತ್ತದೆ.

ತಂದಿಟ್ಟ ಕೋಡು ಹಳತಾದಾಗ

ವೆಂಡರಿಂಗಿನ ಅತಿದೊಡ್ಡ ಅಪಾಯ ಇದೇ. ಹೊರಗಿನ ಬದಲಾವಣೆಯಿಂದ ನಮ್ಮನ್ನು ರಕ್ಷಿಸುವ ಗೋಡೆಯು ಹೊರಗಿನ ದುರಸ್ತಿಯನ್ನೂ ಒಳಕ್ಕೆ ಬಿಡುವುದಿಲ್ಲ. 2002ರ ಮಾರ್ಚಿನಲ್ಲಿ ಜ಼ಡ್‌ಲಿಬ್ ಎಂಬ ಸಂಕುಚನ ಲೈಬ್ರರಿಯಲ್ಲಿ ಒಮ್ಮೆ ಬಿಟ್ಟುಕೊಟ್ಟ ಸ್ಮೃತಿಯನ್ನೇ ಮತ್ತೆ ಬಿಟ್ಟುಕೊಡುವ ದೋಷವು ಪತ್ತೆಯಾಗಿ, 1.1.4ನೆಯ ಆವೃತ್ತಿಯಲ್ಲಿ ಅದನ್ನು ಸರಿಪಡಿಸಿದಾಗ, ವ್ಯವಸ್ಥೆಯ ಲೈಬ್ರರಿಯನ್ನು ಬಳಸುತ್ತಿದ್ದ ಕಾರ್ಯಕ್ರಮಗಳು ಒಂದೇ ನವೀಕರಣದಿಂದ ಸುರಕ್ಷಿತವಾದುವು. ತಮ್ಮೊಳಗೆ ಅದರ ಪ್ರತಿಯನ್ನು ಅಡಗಿಸಿಟ್ಟುಕೊಂಡಿದ್ದ ಅಸಂಖ್ಯ ಕಾರ್ಯಕ್ರಮಗಳನ್ನು ಮಾತ್ರ ಒಂದೊಂದಾಗಿ ಹುಡುಕಿ ತಿದ್ದಬೇಕಾಯಿತು. ಇಪ್ಪತ್ತು ವರ್ಷಗಳ ತರುವಾಯ, 2022ರ ಮಾರ್ಚಿನಲ್ಲಿ, ಅದೇ ಲೈಬ್ರರಿಯ ಬೇರೊಂದು ಹಳೆಯ ದೋಷಕ್ಕೆ 1.2.12ನೆಯ ಆವೃತ್ತಿಯು ಬಂದಾಗಲೂ ಇದೇ ಶೋಧಕಾರ್ಯ ಪುನರಾವೃತ್ತವಾಯಿತು. 2021ರ ಡಿಸೆಂಬರಿನಲ್ಲಿ ಲಾಗ್4ಜೆ ಎಂಬ ಜಾವಾ ಲೈಬ್ರರಿಯ ಲಾಗ್4ಶೆಲ್ ದೋಷವು ಬಹಿರಂಗವಾದಾಗ, ಆ ಲೈಬ್ರರಿ ತಮ್ಮಲ್ಲಿಲ್ಲವೆಂದು ತಿಳಿದಿದ್ದ ಸಂಸ್ಥೆಗಳು ಜಾರ್ ಕಡತದೊಳಗಿನ ಜಾರ್ ಕಡತಗಳಲ್ಲಿ ಅದನ್ನು ಕಂಡುಕೊಂಡುವು.

ಕೋಲಾರದ ಗಣಿಗಳನ್ನು ಬಲ್ಲವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಾಂಪಿಯನ್ ರೀಫಿನಲ್ಲಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಆ ಸುರಂಗಗಳು ಕೆಲಸಕ್ಕೆ ಯೋಗ್ಯವಾಗಿದ್ದುದು ಅವುಗಳನ್ನು ಒಮ್ಮೆ ತೋಡಿದ್ದರಿಂದ ಮಾತ್ರವಲ್ಲ, ಒಸರುವ ನೀರನ್ನು ಪಂಪುಗಳು ಎಡೆಬಿಡದೆ ಮೇಲಕ್ಕೆತ್ತುತ್ತಿದ್ದುದರಿಂದ. ಗಣಿಗಳು ಮುಚ್ಚಿ ಪಂಪುಗಳು ನಿಂತಮೇಲೆ ಆ ಆಳವೆಲ್ಲ ನೀರು ತುಂಬಿಕೊಂಡಿತು. ವೆಂಡರ್ ಫೋಲ್ಡರಿನಲ್ಲಿಯೂ ದೋಷಗಳು ಹೀಗೆಯೇ ದಿನದಿನಕ್ಕೆ ಒಸರಿ ಸಂಗ್ರಹವಾಗುತ್ತವೆ. ಅವುಗಳನ್ನು ಹೊರಹಾಕುವ ಕೆಲಸಕ್ಕೆ ವಿರಾಮವಿಲ್ಲ.

ಆ ಕೆಲಸವನ್ನು ಹಗುರಗೊಳಿಸಲು ಡಿಪೆಂಡಬಾಟ್, ರೆನೋವೇಟ್ ಎಂಬ ಸಾಧನಗಳಿವೆ. ಹೊಸ ಆವೃತ್ತಿ ಬಂದೊಡನೆ ಪಟ್ಟಿಯನ್ನು ತಿದ್ದಿ, ಗೋ ಮುಂತಾದ ಕೆಲವು ಭಾಷೆಗಳಲ್ಲಿ ವೆಂಡರ್ ಫೋಲ್ಡರನ್ನೂ ಪುನರ್ರಚಿಸಿ, ಪರಿಶೀಲನೆಗೆ ಮುಂದಿಡುತ್ತವೆ. ಭದ್ರತೆಯ ದುರಸ್ತಿಗಳನ್ನು ಒಡನೆಯೇ, ಉಳಿದವುಗಳನ್ನು ತಿಂಗಳಿಗೊಮ್ಮೆ ಗೊತ್ತುಮಾಡಿದ ದಿನದಲ್ಲಿ ಸ್ವೀಕರಿಸುವುದು ಸಣ್ಣ ತಂಡಗಳಿಗೆ ಸಾಧ್ಯವಾಗುವ ಶಿಸ್ತು. ಒಂದು ನವೀಕರಣಕ್ಕೆ ಒಂದೇ ಕಮಿಟ್ ಇರಲಿ. ಅದರೊಳಗೆ ನಮ್ಮ ಸ್ವಂತ ಕೋಡಿನ ಬದಲಾವಣೆಯನ್ನು ಬೆರೆಸಕೂಡದು. ಬೆರೆಸಿದರೆ ಸಾವಿರಾರು ಸಾಲುಗಳ ನಡುವೆ ನಮ್ಮ ಐದು ಸಾಲುಗಳನ್ನು ಯಾವ ಪರಿಶೀಲಕನೂ ಕಾಣಲಾರ.

ಮೂಲವೇ ಕಲುಷಿತವಾದರೆ

ನವೀಕರಣದಲ್ಲಿ ಆತುರವೂ ಸಲ್ಲದೆಂಬುದಕ್ಕೆ ಎರಡು ಪ್ರಕರಣಗಳಿವೆ. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರು ಎಕ್ಸ್‌ಜ಼ಡ್ ಎಂಬ ಸಂಕುಚನ ಸಾಧನದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲೊಂದನ್ನು ಅಡಗಿಸಿರುವುದನ್ನು ಜಗತ್ತಿಗೆ ತಿಳಿಸಿದರು. ಅದನ್ನು ಅಡಗಿಸಿದ್ದ ರೀತಿ ವೆಂಡರ್ ಮಾಡುವವರಿಗೆಲ್ಲ ಪಾಠವಾಗಿದೆ: ವಿಷವು ಪರೀಕ್ಷೆಗಾಗಿ ಇಟ್ಟಂತೆ ತೋರುವ ಬೈನರಿ ಕಡತಗಳಲ್ಲಿತ್ತು, ಅದನ್ನು ಬಿಚ್ಚಿ ಬಿಲ್ಡಿಗೆ ಸೇರಿಸುವ ಸಾಲುಗಳು ಗಿಟ್ ರೆಪಾಸಿಟರಿಯಲ್ಲಿರದೆ, ಬಿಡುಗಡೆಯ ಟಾರ್ ಕಡತದಲ್ಲಿ ಮಾತ್ರ ಇದ್ದುವು. ಆದುದರಿಂದ ಸಾಧ್ಯವಾದಲ್ಲೆಲ್ಲ ಗಿಟ್ಟಿನ ಕಮಿಟ್ಟಿನಿಂದಲೇ ಪ್ರತಿಯನ್ನು ತರಬೇಕು. ಪರೀಕ್ಷೆಯ ಕಡತಗಳನ್ನೂ ಅರ್ಥವಾಗದ ಬೈನರಿಗಳನ್ನೂ ತರದೆ ಬಿಡಬೇಕು. ತುರ್ತಿಲ್ಲದ ಹೊಸ ಆವೃತ್ತಿಗಳನ್ನು ಕೆಲವು ದಿನ ಕಾಯ್ದು ಸ್ವೀಕರಿಸಬೇಕು.

ಎರಡನೆಯದು ಪೈಪ್‌ಲೈನಿಗೇ ಸಂಬಂಧಿಸಿದ್ದು. 2025ರ ಮಾರ್ಚಿನಲ್ಲಿ ಗಿಟ್‌ಹಬ್ ಪೈಪ್‌ಲೈನುಗಳಲ್ಲಿ ಬಹುವಾಗಿ ಬಳಕೆಯಲ್ಲಿದ್ದ, ಬದಲಾದ ಕಡತಗಳನ್ನು ಪಟ್ಟಿಮಾಡಿಕೊಡುವ ಟಿಜೆ-ಆಕ್ಷನ್ಸ್‌ನ ಒಂದು ಆಕ್ಷನ್ನಿನ ಆವೃತ್ತಿ ಟ್ಯಾಗುಗಳನ್ನು ದುಷ್ಟರು ಕೆಟ್ಟ ಕಮಿಟ್ಟಿನ ಕಡೆಗೆ ತಿರುಗಿಸಿ, ಗುಪ್ತ ಕೀಲಿಗಳು ಬಿಲ್ಡ್ ಲಾಗಿನಲ್ಲಿ ಅಚ್ಚಾಗುವಂತೆ ಮಾಡಿದರು. ಟ್ಯಾಗು ಬದಲಾಗಬಲ್ಲದು, ಕಮಿಟ್ಟಿನ ಪೂರ್ಣ ಹ್ಯಾಶನ್ನು ಬರೆದಿದ್ದವರಿಗೆ ಕೋಡು ಬದಲಾಗದೆ ಉಳಿಯಿತು. ಪೈಪ್‌ಲೈನು ಬಳಸುವ ಆಕ್ಷನ್ನುಗಳನ್ನೂ ಕಂಟೇನರ್ ಇಮೇಜುಗಳನ್ನೂ ಹೀಗೆ ಹ್ಯಾಶಿನಿಂದಲೇ ನಿರ್ದೇಶಿಸತಕ್ಕದ್ದು, ಅವುಗಳೂ ಡಿಪೆಂಡೆನ್ಸಿಗಳೇ.

ಪರವಾನಗಿ ಮತ್ತು ಸಾಮಗ್ರಿಪಟ್ಟಿ

ಪರರ ಕೋಡನ್ನು ನಕಲಿಸುವಾಗ ಅದರ ಪರವಾನಗಿಯ ಪಠ್ಯವನ್ನೂ ಕೃತಿಸ್ವಾಮ್ಯದ ಸಾಲುಗಳನ್ನೂ ಉಳಿಸಿಕೊಳ್ಳುವುದು ಎಂಐಟಿ, ಬಿಎಸ್‌ಡಿಯಂಥ ಉದಾರ ಪರವಾನಗಿಗಳಲ್ಲಿಯೂ ಕಡ್ಡಾಯ, ಅಪಾಚೆ 2.0ರಲ್ಲಿ ನೋಟಿಸ್ ಕಡತವಿದ್ದರೆ ಅದನ್ನೂ ಒಯ್ಯಬೇಕು; ಜಿಪಿಎಲ್ ಕೋಡನ್ನು ಸೇರಿಸಿ ತಂತ್ರಾಂಶವನ್ನು ಹಂಚುವವರು ತಮ್ಮ ಕೋಡನ್ನೂ ಅದೇ ನಿಬಂಧನೆಗೆ ಒಳಪಡಿಸಬೇಕಾಗುತ್ತದೆ. ಪೈಪ್‌ಲೈನಿನಲ್ಲಿ ಪರವಾನಗಿಯಿಲ್ಲದ ಫೋಲ್ಡರು ಕಂಡೊಡನೆ ಬಿಲ್ಡನ್ನು ತಡೆಯುವ ಒಂದು ಸಣ್ಣ ಸ್ಕ್ರಿಪ್ಟು ಮುಂದಿನ ವ್ಯಾಜ್ಯಗಳನ್ನು ತಪ್ಪಿಸುತ್ತದೆ.

ಕೊನೆಯ ಹಂತವಾಗಿ, ಪ್ರತಿ ಬಿಡುಗಡೆಯೊಡನೆಯೂ ಎಸ್‌ಬಿಒಎಂ ಎಂಬ ಸಾಮಗ್ರಿಪಟ್ಟಿಯನ್ನು ಎಸ್‌ಪಿಡಿಎಕ್ಸ್ ಅಥವಾ ಸೈಕ್ಲೋನ್‌ಡಿಎಕ್ಸ್ ರೂಪದಲ್ಲಿ ಪೈಪ್‌ಲೈನಿನಿಂದಲೇ ಹೊರಡಿಸಬೇಕು. ಸಿಫ್ಟ್ ಎಂಬ ಸಾಧನವು ಇದನ್ನು ಸುಲಭಗೊಳಿಸುತ್ತದೆ. ಕೇಂದ್ರ ಸರ್ಕಾರದ ಸರ್ಟ್‌-ಇನ್ ಸಂಸ್ಥೆಯು 2024ರ ಅಕ್ಟೋಬರಿನಲ್ಲಿ ಈ ಪಟ್ಟಿಯ ಬಗ್ಗೆ ತಾಂತ್ರಿಕ ಮಾರ್ಗಸೂಚಿಯನ್ನು ಹೊರಡಿಸಿದೆ. ಅದೇ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದಂತೆ ಸೈಬರ್ ಅವಘಡಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿಮಾಡಬೇಕಾಗಿದೆ. ಯಾವ ಬಿಡುಗಡೆಯಲ್ಲಿ ಯಾವ ಲೈಬ್ರರಿಯ ಯಾವ ಆವೃತ್ತಿಯಿದೆಯೆಂಬುದನ್ನು ಪಟ್ಟಿಯಿಲ್ಲದೆ ಆರು ಗಂಟೆಗಳಲ್ಲಿ ಹುಡುಕಿ ಹೇಳುವುದು ದುಸ್ಸಾಧ್ಯ. ಪಟ್ಟಿಯಿದ್ದರೆ ಅದು ಕೆಲವೇ ಕ್ಷಣಗಳ ಕೆಲಸ.

ಎಲ್ಲಿಂದ ಆರಂಭಿಸಬೇಕು?

ಮೇಲಿನದೆಲ್ಲವನ್ನೂ ಒಂದೇ ವಾರದಲ್ಲಿ ಸಾಧಿಸಲು ಹೊರಟವರು ಬೇಸತ್ತು ಕೈಬಿಡುವುದೇ ಹೆಚ್ಚು. ಮೊದಲು ಜಾಲವಿಲ್ಲದ ಬಿಲ್ಡನ್ನು ಒಮ್ಮೆ ನಡೆಸಿ, ನಿಮ್ಮ ಯೋಜನೆಯು ನಿಜವಾಗಿ ಏನೇನನ್ನು ಅವಲಂಬಿಸಿದೆಯೆಂಬುದನ್ನು ತಿಳಿದುಕೊಳ್ಳಿ. ಆಮೇಲೆ ವೆಂಡರ್ ಫೋಲ್ಡರನ್ನು ತೆರೆದು, ಒಳಗಿರುವ ಪ್ರತಿಯೊಂದಕ್ಕೂ ಹೆಸರು, ಆವೃತ್ತಿ, ಮೂಲ, ಪರವಾನಗಿಗಳನ್ನು ಬರೆಯಿರಿ; ಮೂಲ ತಿಳಿಯದ ಲೈಬ್ರರಿಯನ್ನು ಉಳಿಸಿಕೊಳ್ಳದೆ, ತಿಳಿದ ಮೂಲದಿಂದ ಹೊಸದಾಗಿ ತನ್ನಿರಿ. ಅನಂತರ ಪುನರ್ರಚನೆಯ ಹೋಲಿಕೆಯನ್ನೂ ರಾತ್ರಿಯ ದೋಷಶೋಧವನ್ನೂ ಪೈಪ್‌ಲೈನಿಗೆ ಸೇರಿಸಿ, ತಿಂಗಳಿಗೊಂದು ದಿನವನ್ನು ನವೀಕರಣಕ್ಕೆಂದು ಗೊತ್ತುಮಾಡಿ, ಅದರ ಹೊಣೆಯನ್ನು ತಂಡದ ಒಬ್ಬರ ಹೆಸರಿಗೆ ಬರೆಯಿರಿ. ಇಬ್ಬರೇ ಇರುವ ತಂಡಕ್ಕೂ ಇದು ಅಸಾಧ್ಯವಲ್ಲ. ಇಲ್ಲಿ ಹೆಸರಿಸಿದ ಸಾಧನಗಳಲ್ಲಿ ಬಹುತೇಕ ಎಲ್ಲವೂ ಹಣ ಕೊಡದೆ ದೊರೆಯುವಂಥವು. ನಿಮ್ಮ ತಂತ್ರಾಂಶವನ್ನು ನಂಬಿ ಹಾಲನ್ನೋ ಹಣವನ್ನೋ ಅಳೆದು ಕೊಡುವವರಿಗೆ ಯಾವ ಸಾಲನ್ನು ನೀವು ಬರೆದಿರಿ, ಯಾವುದನ್ನು ಹೊರಗಿನಿಂದ ತಂದಿರಿ ಎಂಬ ಭೇದ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ; ಅವರ ಪಾಲಿಗೆ ಅದೆಲ್ಲವೂ ನಿಮ್ಮ ಕೆಲಸವೇ. ಆದುದರಿಂದ ತಂದ ಪ್ರತಿಯೊಂದು ಸಾಲನ್ನೂ ಸ್ವಂತ ಕೈಯಿಂದ ಬರೆದ ಸಾಲಿನಷ್ಟೇ ಎಚ್ಚರದಿಂದ ಪಾಲಿಸಿರಿ.